ರೂಟರ್‌ಗೆ ವಿದ್ಯುತ್ ಉಣಿಸುವ ದಾರಿಗಳು, ನಡುವೆ ಒಂದು ಪಿನ್‌ನ ಕಾಟ

ಹಾಂ, ರೆಕಾರ್ಡ್ ಆಗುತ್ತಿದೆ. ಕರೆಂಟ್ ಹೋದರೂ ರೂಟರ್ ಆರಬಾರದು, ಇವತ್ತಿನ ಕೆಲಸ ಅಷ್ಟೇ. ತಳದ ಚೀಟಿ ಕಾಣಿಸುತ್ತಿದೆಯಲ್ಲ? 12 ವೋಲ್ಟ್, 1 ಆಂಪಿಯರ್. ನಿಮ್ಮದು 9 ಅಥವಾ 5 ವೋಲ್ಟಿನದೂ ಆಗಿರಬಹುದು. ವೋಲ್ಟ್ ತಾಳೆಯಾಗಲೇಬೇಕು; ಅಡಾಪ್ಟರಿನ ಆಂಪಿಯರ್ ಹೆಚ್ಚಿದ್ದರೆ ಹೆದರಬೇಡಿ, ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಮೊದಲು ಪವರ್ ಬ್ಯಾಂಕ್. ಈ ತಂತಿಯ ನಡುವಿನ ಗಂಟು 5 ವೋಲ್ಟನ್ನು 12ಕ್ಕೆ ಏರಿಸುತ್ತದೆ. ಮೇಲೆ 10,000 ಎಂಎಎಚ್ ಎಂದು ದೊಡ್ಡದಾಗಿ ಬರೆದಿದ್ದಾರೆ. ಅದು ಒಳಗಿನ ಕೋಶದ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. ರೂಟರ್ 8 ವ್ಯಾಟ್ ತಿಂದರೆ, ಏರಿಸುವಾಗಿನ ನಷ್ಟ ಕಳೆದು ಮೂರೂವರೆ ಗಂಟೆ ಸಿಕ್ಕರೆ ಪುಣ್ಯ. ಎಷ್ಟೋ ಪವರ್ ಬ್ಯಾಂಕ್‌ಗಳು ಚಾರ್ಜರ್ ಸಿಕ್ಕಿಸಿದ ಕ್ಷಣ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತವೆ, ರೂಟರ್ ಮತ್ತೆ ಮೊದಲಿನಿಂದ ಶುರು. ನನಗೆ ಇದು ಬೇಡವೇ ಬೇಡ.

ಅಯ್ಯೋ, ನೋಡಿದಿರಾ? ತಂತಿಗೆ ಕೈ ತಾಗಿತು, ದೀಪಗಳೆಲ್ಲ ಆರಿದವು. ಇದರ ಬಗ್ಗೆ ಮಾತಾಡದೆ ಮುಂದೆ ಹೋಗುವುದಿಲ್ಲ. ಈ ದುಂಡನೆಯ ಪಿನ್‌ನ ಹೊರ ಅಳತೆ 5.5 ಮಿಲಿಮೀಟರ್. ಒಳ ಅಳತೆ ಮಾತ್ರ ಕೆಲವದರಲ್ಲಿ 2.1, ಕೆಲವದರಲ್ಲಿ 2.5. ಕಣ್ಣಿಗೆ ಎರಡೂ ಒಂದೇ! 2.1ರದು 2.5ರ ಜಾಗಕ್ಕೆ ಹೋಗುವುದೇ ಇಲ್ಲ. ಅದು ಎಷ್ಟೋ ವಾಸಿ, ಹೋಗುವುದಿಲ್ಲ ಎಂದಾದರೂ ಗೊತ್ತಾಗುತ್ತದೆ. 2.5ರದು 2.1ರ ಜಾಗಕ್ಕೆ ಸಲೀಸಾಗಿ ಹೋಗುತ್ತದೆ, ದೀಪವೂ ಹೊತ್ತಿಕೊಳ್ಳುತ್ತದೆ, ಆಮೇಲೆ ಸಡಿಲು ಹಲ್ಲಿನಂತೆ ಅಲ್ಲಾಡುತ್ತಾ ಕಾಡುತ್ತದೆ. ಸಂಪರ್ಕ ಕಡಿದಾಗಲೆಲ್ಲ ಬೈಗುಳ ಇಂಟರ್ನೆಟ್ ಕಂಪನಿಗೆ. ಅರ್ಧ ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ, ಪೊಟ್ಟಣದ ಮೇಲೆ ಅದನ್ನು ಮುದ್ರಿಸಲು ಇವರಿಗೇನು ಕಷ್ಟ? ಧನ (ಪ್ಲಸ್) ತುದಿ ಒಳಗಿದೆಯೋ ಹೊರಗಿದೆಯೋ ಎಂಬ ಚಿಹ್ನೆಯನ್ನಂತೂ ಭೂತಗನ್ನಡಿ ಹಿಡಿದು ಹುಡುಕಬೇಕು.

ಸರಿ, ಇದು ಚಿಕ್ಕ ಡಿಸಿ, ಅಂದರೆ ಏಕಮುಖ ವಿದ್ಯುತ್ತಿನ ಯುಪಿಎಸ್. ಒಳಗೆ ಲಿಥಿಯಂ ಕೋಶಗಳು, ಹೊರಗೆ ನೇರ 12 ವೋಲ್ಟ್. ಕಂಪ್ಯೂಟರಿನ ದೊಡ್ಡ ಯುಪಿಎಸ್ ಬ್ಯಾಟರಿಯ ಡಿಸಿಯನ್ನು ಗೋಡೆಯ ಪ್ಲಗ್ಗಿನಂಥ ಎಸಿ ಮಾಡುತ್ತದೆ, ಅಡಾಪ್ಟರ್ ಅದನ್ನು ಮತ್ತೆ ಡಿಸಿ ಮಾಡುತ್ತದೆ. ಎರಡೂ ಕಡೆ ಶಾಖವಾಗಿ ಪೋಲು. ಚಿಕ್ಕದೇ ಉತ್ತಮ, ವಾದವೇ ಇಲ್ಲ.

ಇಲ್ಲ, ವಾದವಿದೆ. ರೂಟರ್ ಗೋಡೆಯ ಮೇಲ್ತುದಿಯಲ್ಲಿದ್ದು ಹತ್ತಿರ ಪ್ಲಗ್ ಇಲ್ಲದಿದ್ದರೆ ಪವರ್ ಓವರ್ ಈಥರ್ನೆಟ್‌ಗೆ ಸಾಟಿಯಿಲ್ಲ. ಮಾಹಿತಿ ಹೋಗುವ ತಂತಿಯಲ್ಲೇ ವಿದ್ಯುತ್ತೂ ಹೋಗುತ್ತದೆ, 100 ಮೀಟರ್‌ವರೆಗೆ. ಇದಕ್ಕಿರುವ 2003ರ 802.3ಎಎಫ್ ಮಾನದಂಡದಲ್ಲಿ ಈ ತುದಿಯಿಂದ 15.4 ವ್ಯಾಟ್ ಹೊರಟರೆ ಆ ತುದಿಗೆ 12.95 ಖಾತ್ರಿ. ಮಾನದಂಡ ಪಾಲಿಸುವ ನೆಟ್‌ವರ್ಕ್ ಸ್ವಿಚ್, ಅಂದರೆ ಈ ತಂತಿಗಳನ್ನು ಜೋಡಿಸುವ ಪೆಟ್ಟಿಗೆ, ಮೊದಲು ಆಚೆ ಇರುವುದು ಯಾರು ಎಂದು ವಿಚಾರಿಸಿಯೇ ವಿದ್ಯುತ್ ಬಿಡುತ್ತದೆ. ತಂತಿಗೆ ವಿದ್ಯುತ್ ಸೇರಿಸುವ, ಪ್ಯಾಸಿವ್ ಎಂದು ಮಾರುವ ಅಗ್ಗದ ಇಂಜೆಕ್ಟರ್ ವಿಚಾರಿಸುವುದಿಲ್ಲ, ಸುಮ್ಮನೆ ನುಗ್ಗಿಸುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಪೋರ್ಟ್ ಸುಟ್ಟೀತು. ಸಾಮಾನ್ಯ ರೂಟರ್‌ಗಾದರೆ ಈ ತಂತಿಯ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸುವ ಸ್ಪ್ಲಿಟರ್ ಬೇಕು, ಅದರ ತುದಿಯಲ್ಲಿ ಮತ್ತೆ ಅದೇ ಪಿನ್.

ಶಾಟ್ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ: ಮನೆಗೆ ಇಂಟರ್ನೆಟ್ ತರುವ ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಯುಪಿಎಸ್ ಬೇಕು, ಇಲ್ಲವಾದರೆ ರೂಟರ್ ಉರಿದೂ ಪ್ರಯೋಜನವಿಲ್ಲ. ಎರಡೂ 12 ವೋಲ್ಟಿನವಾದರೆ ಕವಲು ತಂತಿ ಸಾಕು, ಎರಡರ ಆಂಪಿಯರ್ ಕೂಡಿಸಿ ಯುಪಿಎಸ್ ಅಷ್ಟು ಕೊಡುತ್ತದೆಯೇ ನೋಡಿಕೊಳ್ಳಿ.