ಇಪ್ಪತ್ತಮೂರರ ಗೆರೆ

(ಕುಂಬಳೆ ಸಮೀಪದ ಒಂದು ವಾಚನಾಲಯದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಹಿರಿಯರೆ, ಸಂಘದ ಪದಾಧಿಕಾರಿಗಳೆ, ತಾಯಂದಿರೆ, ಹಿಂದಿನ ಸಾಲಿನಲ್ಲಿ ಜರ್ಸಿ ಬದಲಾಯಿಸದೆ ಬಂದು ಕೂತಿರುವ ಹುಡುಗರೆ,

ನಮ್ಮ ಕಡೆ ವಾಚನಾಲಯದ ವಾರ್ಷಿಕೋತ್ಸವ ಅಂದರೆ ಗೋವಿಂದ ಪೈಗಳ ಮೇಲೋ ಕಯ್ಯಾರರ ಮೇಲೋ ಒಂದು ಉಪನ್ಯಾಸ, ಆಮೇಲೆ ಊಟ, ಆಮೇಲೆ ಯಕ್ಷಗಾನ. ಈ ಸಲ ಕಾರ್ಯದರ್ಶಿಗಳು ಫುಟ್‌ಬಾಲ್ ಬಗ್ಗೆ ಮಾತಾಡಿ ಅಂದರು. ನಿವೃತ್ತ ಡ್ರಿಲ್ ಮಾಸ್ಟ್ರ ಕೈಗೆ ಮೈಕ್ ಕೊಟ್ಟರೆ ಯಕ್ಷಗಾನ ಶುರುವಾಗುವುದು ಎಷ್ಟು ಹೊತ್ತಿಗೆ ಎಂದು ಅವರು ಯೋಚಿಸಿದಂತಿಲ್ಲ. ಅದಕ್ಕೆ ನಾನೇ ವಿಷಯವನ್ನು ಚಿಕ್ಕದು ಮಾಡಿಕೊಂಡು ಬಂದಿದ್ದೇನೆ. ಭಾರತದ 23 ವರ್ಷದೊಳಗಿನ ಗಂಡು ಹುಡುಗರ ತಂಡ ಒಲಿಂಪಿಕ್ಸ್‌ಗೆ ಯಾಕೆ ಹೋಗುತ್ತಿಲ್ಲ ಎನ್ನುವುದಷ್ಟೇ ಇವತ್ತಿನ ಮಾತು.

ಚಾದಂಗಡಿಯಲ್ಲಿ ಈ ಪ್ರಶ್ನೆ ಬಂದಾಗೆಲ್ಲ ಒಂದೇ ಉದ್ಗಾರ: 140 ಕೋಟಿ ಜನರಲ್ಲಿ 11 ಮಂದಿ ಸಿಗುವುದಿಲ್ಲವಾ ಮಾರಾಯ್ರೆ! ಕೇಳಲಿಕ್ಕೆ ಚಂದ ಉಂಟು, ಆದರೆ ಅದರಿಂದ ಎಂತದೂ ತಿಳಿಯುವುದಿಲ್ಲ. ಆಟಗಾರರು ಜನಸಂಖ್ಯೆಯಿಂದ ಹುಟ್ಟುವುದಿಲ್ಲ, ಆಡಿದ ಪಂದ್ಯಗಳಿಂದ ಹುಟ್ಟುತ್ತಾರೆ. ಆದ್ದರಿಂದ ನಾನು ಕೇಳುವ ಪ್ರಶ್ನೆ ಬೇರೆ. ನಮ್ಮ 19ರಿಂದ 22ರ ಹುಡುಗ ವರ್ಷಕ್ಕೆ ಎಷ್ಟು ಗಟ್ಟಿ ಪಂದ್ಯ ಆಡುತ್ತಾನೆ?

ಮೊದಲು ನಿಯಮ ಹೇಳಿಬಿಡುತ್ತೇನೆ. ಒಲಿಂಪಿಕ್ಸ್‌ನ ಪುರುಷರ ಫುಟ್‌ಬಾಲ್ 1992ರ ಬಾರ್ಸಿಲೋನಾದಿಂದ 23 ವರ್ಷದೊಳಗಿನವರ ಆಟ. 1996ರ ಅಟ್ಲಾಂಟಾದಿಂದ ತಂಡಕ್ಕೆ 3 ಮಂದಿ ದೊಡ್ಡವರನ್ನು ಸೇರಿಸಿಕೊಳ್ಳಬಹುದು. ಲೆಕ್ಕ ಹಿಡಿಯುವುದು ಜನವರಿ 1ರಿಂದ. ಪ್ಯಾರಿಸ್‌ಗೆ 2001ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಕಿತ್ತು. ಹಿಂದಿನ ದಿನ ರಾತ್ರಿ ಹುಟ್ಟಿದವನು ಹೊರಗೆ. ಈ ಗೆರೆ ಎಷ್ಟು ಕ್ರೂರ ಎಂದು ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಬೇಗ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ನಮ್ಮ ಊರಿನ ಅರ್ಧ ಮಕ್ಕಳು ಮೇ ತಿಂಗಳಲ್ಲೇ ಹುಟ್ಟಿದವರು, ಯಾಕೆಂದರೆ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಬೇಕಲ್ಲ, ದಿನಾಂಕ ಬರೆದದ್ದು ಮಾಸ್ಟ್ರು. ಈಗ ಅದು ನಡೆಯುವುದಿಲ್ಲ. ಕಿರಿಯರ ಟೂರ್ನಿಗಳಲ್ಲಿ ಮಣಿಕಟ್ಟಿನ ಚಿತ್ರ ತೆಗೆದು, ಎಲುಬು ಎಷ್ಟು ಕೂಡಿಕೊಂಡಿದೆ ಎಂದು ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಸರ್ಟಿಫಿಕೇಟಿನಲ್ಲಿ ಏನೇ ಇರಲಿ, ಮಣಿಕಟ್ಟು ಸುಳ್ಳು ಹೇಳುವುದಿಲ್ಲ.

ಹಳೆಯ ವೈಭವ ಎಲ್ಲರಿಗೂ ಗೊತ್ತಿದ್ದದ್ದೇ, ಬೇಗ ದಾಟುತ್ತೇನೆ. 1948ರಿಂದ 1960ರವರೆಗೆ ನಾಲ್ಕು ಒಲಿಂಪಿಕ್ಸ್‌ಗೆ ಹೋದೆವು. 1956ರ ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜ ಆಸ್ಟ್ರೇಲಿಯಾ ಎದುರು ಮೂರು ಗೋಲು ಹೊಡೆದರು, 4-2ರಿಂದ ಗೆದ್ದೆವು, ಕೊನೆಗೆ ನಾಲ್ಕನೇ ಸ್ಥಾನ. ಕನ್ನಡದವರು ಹೇಳಿಕೊಳ್ಳದೆ ಬಿಟ್ಟ ಒಂದು ಸಂಗತಿ ಮಾತ್ರ ಇಲ್ಲಿ ಹೇಳಲೇಬೇಕು. 1948ರ ಲಂಡನ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ 10 ಗೋಲು ಹಾಕಿತು, ನಮ್ಮ ಕಡೆಯ ಒಂದೇ ಗೋಲು ಅಹಮದ್ ಖಾನ್ ಅವರದು, ಅವರೂ ಬೆಂಗಳೂರಿನವರೇ. ಕ್ರಿಕೆಟ್ ಆಟಗಾರರ ಅಂಕಿಅಂಶ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಈ ಎರಡು ಹೆಸರು ಗೊತ್ತಿಲ್ಲ.

1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದೆವು. ಮರುವರ್ಷ ಕೋಚ್ ಸೈಯದ್ ಅಬ್ದುಲ್ ರಹೀಂ ತೀರಿಕೊಂಡರು. 1964ರ ಟೋಕಿಯೊ ಅರ್ಹತೆಯಲ್ಲಿ ಇರಾನ್ ಎದುರು ಸೋತೆವು. ಅಲ್ಲಿಗೆ ಮುಚ್ಚಿದ ಬಾಗಿಲು ಇನ್ನೂ ತೆರೆದಿಲ್ಲ.

ಈಗಿನ ದಾರಿ ಹೀಗುಂಟು. 2016ರ ರಿಯೊದಿಂದ ಏಷ್ಯಾದ ಅರ್ಹತೆ ತೀರ್ಮಾನವಾಗುವುದು ಒಲಿಂಪಿಕ್ಸ್ ವರ್ಷದಲ್ಲಿ ನಡೆಯುವ 16 ತಂಡಗಳ 23 ವರ್ಷದೊಳಗಿನವರ ಏಷ್ಯನ್ ಕಪ್‌ನಲ್ಲಿ. ಅಲ್ಲಿ ಮೊದಲ ಮೂರು ಸ್ಥಾನ ಪಡೆದವರು ನೇರ ಒಲಿಂಪಿಕ್ಸ್‌ಗೆ ಹೋಗುತ್ತಿದ್ದರು. ಆ ಕಪ್‌ಗೆ ಹೋಗಲಿಕ್ಕೂ ಮೊದಲು ಒಂದು ಗುಂಪು ಹಂತದ ಅರ್ಹತಾ ಸುತ್ತು ಉಂಟು. ಭಾರತ ಈ ತನಕ ಆ ಸುತ್ತನ್ನೇ ದಾಟಿಲ್ಲ. ಅಂದರೆ ನಾವು ಒಲಿಂಪಿಕ್ಸ್ ತಪ್ಪಿಸಿಕೊಳ್ಳುತ್ತಿಲ್ಲ, ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ಟೂರ್ನಿಯನ್ನೇ ತಪ್ಪಿಸಿಕೊಳ್ಳುತ್ತಿದ್ದೇವೆ.

ಹುಡುಗರೆ, ಈ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳಿ. ಟೋಕಿಯೊ ಒಲಿಂಪಿಕ್ಸ್‌ಗಾಗಿ 2019ರ ಮಾರ್ಚ್‌ನಲ್ಲಿ ತಾಷ್ಕೆಂಟ್‌ಗೆ ಹೋದೆವು. ಗುಂಪಿನಲ್ಲಿದ್ದ ಪಾಕಿಸ್ತಾನ ಬರಲಿಲ್ಲ. ಉಜ್ಬೇಕಿಸ್ತಾನ, ತಜಿಕಿಸ್ತಾನ ಎರಡಕ್ಕೂ ಸೋತು ವಾಪಸ್. ಪ್ಯಾರಿಸ್‌ಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಚೀನಾದ ದಾಲಿಯನ್‌ಗೆ ಹೋದೆವು. ಈ ಸಲ ಮಾಲ್ಡೀವ್ಸ್ ಬರಲಿಲ್ಲ. ಚೀನಾ ಎದುರು 1-2, ಯುಎಇ ಎದುರು 0-3. ಎರಡು ಒಲಿಂಪಿಕ್ಸ್, ನಾಲ್ಕು ಪಂದ್ಯ, 360 ನಿಮಿಷ. ಎಂಟು ವರ್ಷದ ಕನಸು ಒಂದು ರಾತ್ರಿಯ ತಾಳಮದ್ದಳೆಯಷ್ಟು ಹೊತ್ತೂ ನಡೆಯಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಇತ್ತು. ಅಲ್ಲಿಯೂ 23ರ ಆಸುಪಾಸಿನವರದ್ದೇ ತಂಡ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಶುರುವಾಗುವ ಹೊತ್ತು, ಆಟಗಾರರನ್ನು ಬಿಡಲಿಕ್ಕೆ ಕ್ಲಬ್‌ಗಳಿಗೆ ಮನಸ್ಸಿಲ್ಲ. ಕೊನೆಗಳಿಗೆಯಲ್ಲಿ ಕಟ್ಟಿದ ತಂಡ ಪಂದ್ಯದ ಹಿಂದಿನ ದಿನ ಅಲ್ಲಿಗೆ ತಲುಪಿತು. ಚೀನಾ ಎದುರು 1-5. ಆ ಒಂದು ಗೋಲು ತ್ರಿಶ್ಶೂರಿನ ರಾಹುಲ್ ಕೆ.ಪಿ.ಯದು, ನೆಟ್‌ನಲ್ಲಿ ಹುಡುಕಿ ನೋಡಿ, ಎಂಥ ಕಿರಿದಾದ ಕೋನದಿಂದ ಹೊಡೆದದ್ದು! ನಂತರ ಬಾಂಗ್ಲಾದೇಶವನ್ನು ಸೋಲಿಸಿ, ಮ್ಯಾನ್ಮಾರ್ ಜೊತೆ ಡ್ರಾ ಮಾಡಿ 16ರ ಹಂತಕ್ಕೆ ಹೋದರು, ಅಲ್ಲಿ ಸೌದಿ ಎದುರು ಮುಗಿಯಿತು. ಪ್ರಯಾಣದ ಆಯಾಸದಲ್ಲೇ ಇಷ್ಟು ಮಾಡಿದವರು ಎರಡು ವಾರ ಒಟ್ಟಿಗೆ ಅಭ್ಯಾಸ ಮಾಡಿದ್ದರೆ? ಕ್ಲಬ್‌ಗಳನ್ನು ನಾನು ಪೂರ್ತಿ ದೂರುವುದಿಲ್ಲ, ಸಂಬಳ ಕೊಡುವವರು ಅವರು. ವೇಳಾಪಟ್ಟಿ ಬರೆಯುವವರು ಕ್ಯಾಲೆಂಡರ್ ನೋಡಬಹುದಿತ್ತು, ಅಷ್ಟೆ.

2025ರ ಸೆಪ್ಟೆಂಬರ್‌ನಲ್ಲಿ ಕತಾರ್‌ನಲ್ಲಿ, ಮುಂದಿನ ಏಷ್ಯನ್ ಕಪ್‌ನ ಅರ್ಹತಾ ಸುತ್ತಿನಲ್ಲಿ, ಬೇರೆಯದೇ ತಂಡ ಕಂಡಿತು. ನೌಶಾದ್ ಮೂಸಾ ಕೋಚ್. ಬಹರೇನ್ ಎದುರು 2-0 ಗೆಲುವು, ಕತಾರ್ ಎದುರು 1-2 ಸೋಲು, ಬ್ರೂನೈ ಎದುರು 6-0. ಆ ಆರರಲ್ಲಿ ವಿಬಿನ್ ಮೋಹನನ್ ಮೂರು, ಲಕ್ಷದ್ವೀಪದ ಮೊಹಮ್ಮದ್ ಐಮನ್ ಎರಡು. ಆದರೂ 11 ಗುಂಪುಗಳ ಎರಡನೇ ಸ್ಥಾನದವರಲ್ಲಿ ಉತ್ತಮ ನಾಲ್ವರ ಪಟ್ಟಿಗೆ ನಾವು ಬರಲಿಲ್ಲ. ನಮ್ಮವರು ಇಷ್ಟು ಹತ್ತಿರ ಬಂದದ್ದು 2026ರ ಏಷ್ಯನ್ ಕಪ್‌ಗೆ, ಅದಕ್ಕೂ ಒಲಿಂಪಿಕ್ಸ್‌ಗೂ ಸಂಬಂಧವೇ ಇರಲಿಲ್ಲ. 2003, 2004ರಲ್ಲಿ ಹುಟ್ಟಿದ ಆ ಹುಡುಗರು 2028ಕ್ಕೆ ಗೆರೆ ದಾಟಿರುತ್ತಾರೆ.

ಈ ಹುಟ್ಟಿದ ವರ್ಷದ ಲೆಕ್ಕವನ್ನು ಜಪಾನ್‌ನವರು ಚೆನ್ನಾಗಿ ಮಾಡುತ್ತಾರೆ. 2022ರ ಏಷ್ಯನ್ ಕಪ್ ಒಲಿಂಪಿಕ್ಸ್ ಇಲ್ಲದ ಕಪ್. ಅದಕ್ಕೆ ಅವರು ಕಳಿಸಿದ್ದು 21ರೊಳಗಿನವರನ್ನು. ಸೋಲಲಿ, ಕಲಿಯಲಿ ಎಂದು. ಮೂರನೇ ಸ್ಥಾನ ಬಂತು. 2024ರಲ್ಲಿ ಅದೇ ಕೋಚ್ ಗೊ ಒಯಿವಾ, ಅದೇ ಪೀಳಿಗೆ, ಕಪ್ ಗೆದ್ದು ಪ್ಯಾರಿಸ್‌ಗೆ ಹೋದರು.

ಜಪಾನ್ ಬಿಡಿ, ಅದು ದೊಡ್ಡವರ ಕಥೆ. ಉಜ್ಬೇಕಿಸ್ತಾನ ನೋಡಿ. 2024ರ ತನಕ ಅವರೂ ಒಲಿಂಪಿಕ್ಸ್ ಫುಟ್‌ಬಾಲ್ ಆಡಿದವರಲ್ಲ. 2018ರಲ್ಲಿ ಚಾಂಗ್‌ಝೌನ ಹಿಮದಲ್ಲಿ ವಿಯೆಟ್ನಾಂ ಎದುರು ಫೈನಲ್ ಗೆದ್ದು 23ರೊಳಗಿನ ಕಪ್ ಎತ್ತಿದರು. ಅಷ್ಟಕ್ಕೆ ಸುಮ್ಮನೆ ಕೂರಲಿಲ್ಲ. 2021ರಲ್ಲಿ ಅವರ ಫೆಡರೇಷನ್ ರಾಷ್ಟ್ರೀಯ ಕಿರಿಯರನ್ನೇ ಒಟ್ಟುಮಾಡಿ ‘ಒಲಿಂಪಿಕ್’ ಎಂಬ ಕ್ಲಬ್ ಕಟ್ಟಿ ದೇಶದ ಲೀಗ್‌ಗೆ ಇಳಿಸಿತು. ಮರುವರ್ಷ ಆ ಹುಡುಗರು ಮೇಲಿನ ಲೀಗ್‌ನಲ್ಲಿ 30 ದಾಟಿದ ಗಟ್ಟಿ ಆಟಗಾರರ ಮೊಣಕೈ ತಿನ್ನುತ್ತಾ ಆಡಿದರು. 2022ರ ಏಷ್ಯನ್ ಕಪ್‌ನಲ್ಲಿ ರನ್ನರ್ಸ್ ಅಪ್, 2024ರಲ್ಲಿ ಮತ್ತೆ ರನ್ನರ್ಸ್ ಅಪ್, ಪ್ಯಾರಿಸ್ ಟಿಕೆಟ್.

ನಮ್ಮಲ್ಲಿಯೂ ಇಂಥದ್ದೇ ತಂಡ ಇತ್ತು. ಇಂಡಿಯನ್ ಆರೋಸ್. 2010ರಲ್ಲಿ ಶುರುವಾಯಿತು, 2013ರಲ್ಲಿ ನಿಂತಿತು, 2017ರಲ್ಲಿ 17ರೊಳಗಿನ ವಿಶ್ವಕಪ್ ಆಡಿದ ಮಕ್ಕಳಿಗಾಗಿ ಮತ್ತೆ ಶುರುವಾಯಿತು. ದೊಡ್ಡವರ ಕ್ಲಬ್‌ಗಳು ಆಡುವ ಐ-ಲೀಗ್‌ನಲ್ಲಿ ಬಹಳ ಸೋತರು, ನಿಜ. ಕೊನೆಯ ಸ್ಥಾನದಲ್ಲಿ ಕೂತ ತಂಡಕ್ಕೆ ಖರ್ಚು ಯಾಕೆ ಎಂದು ಕೇಳಿದವರುಂಟು. 2022ರಲ್ಲಿ ಮುಚ್ಚಿದರು. ಉಜ್ಬೇಕ್ ಹುಡುಗರು ಮೇಲಿನ ಲೀಗ್ ಹತ್ತಿದ ವರ್ಷವೇ ನಾವು ಬೀಗ ಹಾಕಿದ್ದು. ಬದಲಿಗೆ ಕಿರಿಯರ ಲೀಗ್‌ಗಳು ಬಂದಿವೆ, ಒಳ್ಳೆಯದೇ. ಆದರೆ ಓರಗೆಯವರ ಜೊತೆ ಆಡುವುದು ಬೇರೆ, ಗಂಡಸರ ಜೊತೆ ಆಡುವುದು ಬೇರೆ. ಐಎಸ್‌ಎಲ್ ಕ್ಲಬ್‌ನ ಬೆಂಚಿನಲ್ಲಿ ಕೂತು ಕೊನೆಯ ಏಳು ನಿಮಿಷಕ್ಕೆ ಇಳಿಯುವ ಹುಡುಗ ದಾಲಿಯನ್‌ನಲ್ಲಿ 90 ನಿಮಿಷ ಹೇಗೆ ಓಡಿಯಾನು?

ಇನ್ನು ನಮ್ಮ ಜಿಲ್ಲೆಗೆ ಬರುತ್ತೇನೆ. ಕಾಸರಗೋಡಿನಲ್ಲಿ ಫುಟ್‌ಬಾಲ್ ಇಲ್ಲ ಎಂದರೆ ಮೊಗ್ರಾಲ್‌ನವರು ಹೊಡೆದಾರು. ಅವರಿಗೆ ಮಾಪ್ಪಿಳ ಪಾಟ್ಟು ಎಷ್ಟೋ ಚೆಂಡೂ ಅಷ್ಟೇ. ತೃಕ್ಕರಿಪುರದ ಮಾತೇ ಬೇಡ: ಈಸ್ಟ್ ಬೆಂಗಾಲ್‌ಗೆ ಆಡಿದ ಎಂ. ಸುರೇಶ್, 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೊಚ್ಚಿಯ ತುಂಬಿದ ಕ್ರೀಡಾಂಗಣದಲ್ಲಿ ಹೆಡರ್‌ನಿಂದ ಗೋಲು ಹಾಕಿದ ಮೊಹಮ್ಮದ್ ರಫಿ, ಇಬ್ಬರೂ ಆ ಮಣ್ಣಿನವರು. ಆದರೆ ಚಂದ್ರಗಿರಿ ಹೊಳೆಯ ಈಚೆ, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ 19 ದಾಟಿದ ಆಟಗಾರ ಎಲ್ಲಿ ಹೋಗುತ್ತಾನೆ? ಹೆಚ್ಚಿನವನು ಮಂಗಳೂರಿನ ಕಾಲೇಜಿಗೆ, ಇಲ್ಲವೆ ದುಬೈಗೆ. ಗಲ್ಫ್ ವೀಸಾ ಬರುವ ವಯಸ್ಸೂ ಒಲಿಂಪಿಕ್ಸ್‌ನ ವಯಸ್ಸೂ ಒಂದೇ. ಮನೆಯ ಸಾಲ ನೋಡಿ ವಿಮಾನ ಹತ್ತಿದವನಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಊರಲ್ಲಿ ಉಳಿದವನಿಗೆ ಸೆವೆನ್ಸ್ ಉಂಟು, ಅಂದರೆ ತಂಡಕ್ಕೆ ಏಳೇ ಮಂದಿಯ ಫುಟ್‌ಬಾಲ್. ಕೊಯ್ಲು ಮುಗಿದ ಬೈಲಿನಲ್ಲಿ ಅಡಿಕೆ ಮರದ ಗ್ಯಾಲರಿ, ಫ್ಲಡ್‌ಲೈಟ್, ಧ್ವನಿವರ್ಧಕದಲ್ಲಿ ಮಲಯಾಳದ ಅಬ್ಬರ, ಪಂದ್ಯ ಮುಗಿದ ಕೂಡಲೇ ಕೈಗೆ ಒಂದು ಲಕೋಟೆ. ನನಗೂ ಸೆವೆನ್ಸ್ ಇಷ್ಟವೇ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಆಫ್‌ಸೈಡ್ ಇಲ್ಲ, ಅಂದರೆ ಎದುರಾಳಿ ಡಿಫೆಂಡರ್‌ಗಳ ಗೆರೆ ದಾಟಿ ನಿಂತು ಪಾಸ್ ಪಡೆಯಬಾರದು ಎಂಬ ನಿಯಮ ಇಲ್ಲ. ಎದುರಾಳಿ ಸ್ಟ್ರೈಕರ್ ನಮ್ಮ ಗೋಲ್‌ಕೀಪರ್‌ನ ಮಗ್ಗುಲಲ್ಲೇ ನಿಂತಿರುತ್ತಾನೆ, ಡಿಫೆಂಡರ್ ಅವನಿಗೆ ಅಂಟಿಕೊಂಡಿರುತ್ತಾನೆ. ಹನ್ನೊಂದರ ಆಟದಲ್ಲಿ ಎಡಗಡೆಯ ಬ್ಯಾಕ್ ಮಾಡಬೇಕಾದದ್ದು ಇದರ ತದ್ವಿರುದ್ಧ. ಚೆಂಡು ಬಲಗಡೆಯ ಅಂಚಿನಲ್ಲಿರುವಾಗ ಅವನು ಒಮ್ಮೆ ಚೆಂಡು ನೋಡಬೇಕು, ಒಮ್ಮೆ ತನ್ನ ಸೆಂಟರ್ ಬ್ಯಾಕ್‌ನ ಭುಜ ನೋಡಬೇಕು, ಅವನು ಮುಂದೆ ಹೆಜ್ಜೆ ಇಟ್ಟರೆ ತಾನೂ ಇಡಬೇಕು. ಅರ್ಧ ಹೆಜ್ಜೆ ತಡವಾದರೆ ಸ್ಟ್ರೈಕರ್ ಒಳಗೆ. ಸೆವೆನ್ಸ್‌ನಲ್ಲಿ ಹೀರೊ ಆದ ಹುಡುಗ ಜಿಲ್ಲಾ ಆಯ್ಕೆಯಲ್ಲಿ ಬೆಪ್ಪನಾಗಿ ನಿಲ್ಲುವುದನ್ನು ನೋಡಿದ್ದೇನೆ. ಕಾಲಿನಲ್ಲಿ ಆಟ ಉಂಟು, ಆ ಗೆರೆಯನ್ನು ಅವನಿಗೆ ಯಾರೂ ತೋರಿಸಿಲ್ಲ.

ಲಾಸ್ ಏಂಜಲೀಸ್ 2028 ಇನ್ನೂ ಕಷ್ಟ. ಪುರುಷರ ತಂಡಗಳನ್ನು 16ರಿಂದ 12ಕ್ಕೆ ಇಳಿಸಿದ್ದಾರೆ. ಮಹಿಳೆಯರದ್ದನ್ನು 12ರಿಂದ 16ಕ್ಕೆ ಏರಿಸಿದ್ದಾರೆ. ತಾಯಂದಿರೆ, ಇದು ನಿಮ್ಮ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟ ಸುದ್ದಿ, ಮುಂದಿನ ಸಲ ಅದಕ್ಕೇ ಒಂದು ಉಪನ್ಯಾಸ ಇಡಿ. 2032ರ ಬ್ರಿಸ್ಬೇನ್‌ಗೆ ನಿಯಮ ಹೀಗೇ ಉಳಿದರೆ 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಕು. ಅವರು ಈಗ ನಮ್ಮ ಹೈಸ್ಕೂಲು, ಪ್ಲಸ್ ಟು ಬೆಂಚುಗಳಲ್ಲಿದ್ದಾರೆ. ಹಿಂದಿನ ಸಾಲಿನಲ್ಲಿಯೂ ಇದ್ದಾರೆ.

ಸಂಘದವರಿಗೆ ನನ್ನದೊಂದು ಬೇಡಿಕೆ. ಪ್ರತಿ ವರ್ಷ ನೀವು ಸೆವೆನ್ಸ್ ನಡೆಸುತ್ತೀರಿ, ನಡೆಸಿ. ಅದರ ಫ್ಲಡ್‌ಲೈಟ್ ಕಂಬ ನೆಡುವ ಮೊದಲು, ಹಗಲು ಹೊತ್ತಿನಲ್ಲಿ, 18 ದಾಟದವರಿಗೆ ಹನ್ನೊಂದರ ಲೀಗ್ ಒಂದು ಮಾಡಿ. ನಾಕೌಟ್ ಬೇಡ, ಸೋತವನು ಮನೆಗೆ ಹೋದರೆ ಕಲಿಯುವುದು ಯಾವಾಗ? ಆರು ತಂಡ ಸಾಕು, ಎಲ್ಲರೂ ಎಲ್ಲರೊಂದಿಗೆ ಆಡಲಿ, ಒಬ್ಬೊಬ್ಬನಿಗೆ ಐದು ಪೂರ್ತಿ ಪಂದ್ಯ ಸಿಗುತ್ತದೆ. 100 ಮೀಟರ್ ಉದ್ದದ ಸಮತಟ್ಟು ಜಾಗ ಬೇಕು. ಮುರಕಲ್ಲಿನ ಗುಡ್ಡೆಯಲ್ಲಿ ಬಿದ್ದರೆ ಮೊಣಕಾಲು ಉಳಿಯುವುದಿಲ್ಲ, ಬೈಲೇ ಆಗಬೇಕು. ಗದ್ದೆಯ ಧಣಿಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಕೊಯ್ಲಾದ ಮೇಲೆ ಎರಡು ಹುಣಿ (ಗದ್ದೆಯ ಬದು) ಕಡಿಯಲು ಒಪ್ಪುತ್ತಾರೋ ಇಲ್ಲವೋ ಎಂದು ಊಟಕ್ಕೆ ಏಳುವ ಮೊದಲು ಕೇಳಿಬಿಡಿ. ಲೈನ್ಸ್‌ಮನ್ ಬಾವುಟ ಹಿಡಿಯಲು ನಾನು ಬರುತ್ತೇನೆ, ಆಫ್‌ಸೈಡ್ ಕೊಟ್ಟಾಗ ಬೈಯಬಾರದು ಎಂಬುದೊಂದೇ ಷರತ್ತು.