ಮೆಶ್ ಎಲ್ಲಿ ಹರಿಯಿತು, ಮೊದಲು ಅದನ್ನು ನೋಡಿ

[ದೃಶ್ಯ: ಹರಿದ ಸ್ಕ್ರೀನನ್ನು ಬೆಳಕಿಗೆ ಹಿಡಿದಿರುವುದು]

ನಮಸ್ಕಾರ. ನಮ್ಮ ಕಾಸರಗೋಡು ಕಡೆ ಜಾತ್ರೆ, ಬ್ರಹ್ಮಕಲಶದ ಸೀಸನ್ ಬಂದರೆ ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡುವ ಆರ್ಡರ್ ಎಲ್ಲ ಒಟ್ಟಿಗೇ ಬರುತ್ತವೆ. ಸ್ಕ್ರೀನಿನ ಫ್ರೇಮಿಗೆ ಬಿಗಿದ ಬಲೆಬಟ್ಟೆ, ಅಂದರೆ ಮೆಶ್, ಹರಿಯುವುದೂ ಆಗಲೇ! ಅಂಗಡಿಯವರು ಕಳಪೆ ಮೆಶ್ ಕೊಟ್ಟರು ಎಂದು ಸುಮ್ನೆ ಬೈಯಬೇಡಿ ಮಾರಾಯ್ರೇ. ಹರಿದ ಜಾಗ ನೋಡಿ. ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

[ಕ್ಲೋಸಪ್: ಚೀಲದ ಹೊಲಿಗೆ]

ನಡುವೆ ಹರಿದಿದ್ದರೆ ಚೀಲ ನೋಡಿ. ಹಿಡಿಯುವ ಪಟ್ಟಿ ಹೊಲಿದ ಜಾಗ ದಪ್ಪ, ಗಟ್ಟಿ. ಇಂಕ್ ಎಳೆಯುವ ರಬ್ಬರ್ ಬ್ಲೇಡು, ಅಂದರೆ ಸ್ಕ್ವೀಜಿ, ಅದರ ಮೇಲೆ ಹೋದಾಗ ಮೆಶ್ ನಡುವೆ ಸಿಕ್ಕಿ ಉಜ್ಜುತ್ತದೆ. ಹತ್ತಿಪ್ಪತ್ತು ಚೀಲಕ್ಕೆ ಏನೂ ಆಗದು, ಆಮೇಲೆ ಒಮ್ಮೆಲೇ ಹರಿಯುತ್ತದೆ. ಚೀಲದೊಳಗೆ ಚಿಕ್ಕ ಹಲಗೆ ತೂರಿಸಿ, ಹೊಲಿಗೆಗಳೆಲ್ಲ ಹಲಗೆಯ ಹೊರಗೆ ಜೋತುಬೀಳಲಿ. ಕಟ್ಟಿನ ಸ್ಟೇಪಲ್ ಪಿನ್ ಉಳಿದಿದೆಯಾ ಎಂದೂ ನೋಡಿ.

ಪಕ್ಕದಲ್ಲಿ ಉದ್ದಕ್ಕೆ ಸೀಳಿದೆಯಾ? ಅದು ಸ್ಕ್ವೀಜಿಯ ಮೂಲೆ. ಸಣ್ಣ ಉಪ್ಪುಕಾಗದದಿಂದ ಬ್ಲೇಡಿನ ಎರಡೂ ಮೂಲೆ ದುಂಡಗೆ ಮಾಡಿ. ಫ್ರೇಮಿಗೂ ಸ್ಕ್ವೀಜಿಗೂ ನಡುವೆ ಎರಡೂ ಬದಿ 2 ಇಂಚಾದರೂ ಜಾಗ ಇರಲಿ.

ಫ್ರೇಮಿನ ಮೂಲೆಯಲ್ಲಿ ಹರಿದಿದ್ದರೆ ಎಳೆದದ್ದೇ ಸರಿಯಿಲ್ಲ. ಅಲ್ಲಿ ಎರಡೂ ದಿಕ್ಕಿನ ಎಳೆತ ಸೇರುತ್ತದೆ, ಹಾಗಾಗಿ ಸ್ವಲ್ಪ ಸಡಿಲ ಬಿಟ್ಟು, ಉಳಿದ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಳೆ ಹತ್ತಿಬಟ್ಟೆಯನ್ನು ಫ್ರೇಮಿನ ಅಂಚಿಗೆ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲೇನೋ ಚೂಪು ಉಂಟು, ಉಜ್ಜಿ ತೆಗೆಯಿರಿ. ಮರದ ಫ್ರೇಮಾದರೆ ಮಳೆಗಾಲದಲ್ಲಿ ಉಬ್ಬಿ ಸೊಟ್ಟಗಾಗುತ್ತದೆ, ಜಾಸ್ತಿ ನಂಬಬೇಡಿ.

[ದೃಶ್ಯ: ಎರಡು ಮೆಶ್ ಪಕ್ಕಪಕ್ಕ]

ಇನ್ನೊಂದು. ಕನ್ನಡ, ಮಲಯಾಳ ಎರಡರಲ್ಲೂ ಒತ್ತಕ್ಷರ ಸ್ಪಷ್ಟ ಬರಲಿ ಎಂದು ಕೆಲವರು ಚೀಲಕ್ಕೂ 120ರ ಮೆಶ್ ಹಾಕುತ್ತಾರೆ. ಸೆಂಟಿಮೀಟರಿಗೆ 120 ಎಳೆ, ಒಂದೊಂದೂ ಸುಮಾರು 34 ಮೈಕ್ರಾನ್ ದಪ್ಪ. 43ರ ಮೆಶ್‌ನ ಎಳೆ 80 ಮೈಕ್ರಾನ್ ಆಸುಪಾಸು. ಯಾವುದು ಗಟ್ಟಿ ಎಂದು ಹೇಳಬೇಕಾ? ಅಕ್ಷರ ತುಸು ದೊಡ್ಡದು ಮಾಡಿ, 43 ಹಾಕಿ.

ರಾತ್ರಿ ಚೆನ್ನಾಗಿದ್ದ ಸ್ಕ್ರೀನ್ ಬೆಳಿಗ್ಗೆ ತಾನಾಗಿ ಸೀಳಿರುವುದೂ ಉಂಟು. ತೊಳೆಯುವಾಗ ಒಣಗಿದ ಇಂಕನ್ನು ಚಾಕುವಿನಲ್ಲಿ ಕೆರೆದಿರುತ್ತೀರಿ, ಅಲ್ವಾ? ಬಿಗಿ ಮೆಶ್‌ಗೆ ಆ ಸಣ್ಣ ಗೀರೇ ಸಾಕು. ಸಾಲ್ವೆಂಟ್ ಹಚ್ಚಿ, ನೆನೆಯಲು ಬಿಡಿ. ಕಲೆ ತೆಗೆಯುವ ಕಾಸ್ಟಿಕ್ ಮಾತ್ರ ಮೆಶ್ ಮೇಲೆ ಒಣಗಲೇಬಾರದು, ಪಾಲಿಯೆಸ್ಟರ್ ಎಳೆಯನ್ನೇ ತಿನ್ನುತ್ತದೆ.

ಅಕ್ಷರ ಇಲ್ಲದ ಕಡೆ ಸೂಜಿಮೊನೆಯಷ್ಟು ತೂತಾದರೆ ಎರಡೂ ಬದಿ ನೇಲ್ ಪಾಲಿಶ್ ಹಚ್ಚಿ ಒಣಗಿಸಿ, ಆ ಆರ್ಡರ್ ಮುಗಿಯುತ್ತದೆ. ಅಕ್ಷರದ ಮೇಲೇ ಆದರೆ ಹೊಸ ಮೆಶ್ ಎಳೆಯಿರಿ.