ಆ ಹೆಸರುಗಳನ್ನು ಹಾರಿಸಬೇಡಿ

ಕೇಳುಗರೇ, ನಮಸ್ಕಾರ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ತೆರೆದರೆ ಮೊದಲ ಪುಟದಲ್ಲೇ ಯೇಸುವಿನ ಪೂರ್ವಜರ ಸಾಲು ಸಾಲು ಹೆಸರು. ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಾಕೋಬ. ಜಾಸ್ತಿ ಜನ ಸುಮ್ನೆ ಪುಟ ತಿರುವಿಬಿಡುತ್ತಾರೆ. ನನಗೆ ಸಂಕಟವಾಗುತ್ತದೆ. ದಯವಿಟ್ಟು ಆ ಹೆಸರುಗಳನ್ನು ಹಾರಿಸಬೇಡಿ. ಯೇಸು ಮೆಸ್ಸೀಯನೇ, ಅಂದರೆ ದೇವರು ಕಳಿಸುವ ರಕ್ಷಕನೇ, ಎಂಬ ಯೆಹೂದ್ಯರು ಮತ್ತು ಕ್ರೈಸ್ತರ ನಡುವಿನ ಒಂದು ದೊಡ್ಡ ವಾದ ಅಲ್ಲೇ ಕೂತಿದೆ.

ಬರಬೇಕಾದ ಮೆಸ್ಸೀಯ ದಾವೀದ ರಾಜನ ವಂಶದವನಾಗಿರಬೇಕು. ಇದಕ್ಕೆ ಇಬ್ಬರದೂ ಒಪ್ಪಿಗೆ. ಆ ಮೊದಲ ಪುಸ್ತಕ ಬರೆದ ಮತ್ತಾಯ ತನ್ನ ಪಟ್ಟಿಯನ್ನು 14 ತಲೆಮಾರಿನಂತೆ ಮೂರು ಭಾಗ ಮಾಡಿದ. ಹೀಬ್ರೂ ಭಾಷೆಯಲ್ಲಿ ಅಕ್ಷರಕ್ಕೊಂದು ಅಂಕಿ ಇದೆ. ದಾವೀದನ ಹೆಸರಿಗೆ 4, 6, 4. ಕೂಡಿ ನೋಡಿ, 14!

ಆ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಹೆಸರು ರೂತ್. ಮೋವಾಬ್ ನಾಡಿನವಳು, ಪರದೇಶದವಳು. ಗಂಡ ಸತ್ತ ಮೇಲೆ ಅತ್ತೆ ನೊವೊಮಿಯ ಕೈ ಬಿಡದೆ ಬೇತ್ಲೆಹೇಮಿಗೆ ಬಂದಳು. ಜವೆಗೋಧಿ ಕೊಯ್ಲಿನ ಕಾಲ. ಹೊಟ್ಟೆಪಾಡಿಗೆ ಬೋವಜನ ಹೊಲದಲ್ಲಿ ಹಕ್ಕಲಾಯಲು ಹೋದಳು. ಬೋವಜ ತನ್ನ ಆಳುಗಳಿಗೆ ಏನು ಹೇಳಿದ ಗೊತ್ತಾ? ಕಟ್ಟಿನಿಂದ ಒಂದಿಷ್ಟು ತೆನೆ ಬೇಕಂತಲೇ ಬೀಳಿಸಿ, ಅವಳು ಆಯ್ದುಕೊಳ್ಳಲಿ, ಗದರಬೇಡಿ ಅಂದ. ಸಂಜೆ ಅವಳು ತೆನೆ ಬಡಿದು ಕಾಳು ಹೊತ್ತು ಮನೆಗೆ ಬಂದಳು. ಮಧ್ಯಾಹ್ನ ತಾನು ತಿಂದು ಉಳಿಸಿಕೊಂಡಿದ್ದನ್ನೂ ಅತ್ತೆಯ ಕೈಗಿಟ್ಟಳು. ಮುಂದೆ ಬೋವಜ ಅವಳನ್ನೇ ಮದುವೆಯಾದ. ಅವರ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ಹಕ್ಕಲಾಯ್ದವಳ ಮರಿಮಗ ರಾಜನಾದ!

ಮೋವಾಬಿನವರನ್ನು ಸಭೆಗೆ ಸೇರಿಸಬಾರದು ಎಂದು ಮೋಶೆಯ ಕಾನೂನು ಹೇಳುತ್ತದೆ, ಅಲ್ವಾ? ಅದು ಅಲ್ಲಿನ ಗಂಡಸರಿಗೆ, ಹೆಂಗಸರಿಗಲ್ಲ ಎಂದು ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ತೀರ್ಮಾನಿಸಿದರು. ಇವತ್ತಿಗೂ ಶಾವುಓತ್ ಹಬ್ಬದಲ್ಲಿ ಯೆಹೂದ್ಯರು ರೂತಳ ಕಥೆ ಓದುತ್ತಾರೆ. ಕ್ರೈಸ್ತರು ಅವಳನ್ನು ಯೇಸುವಿನ ವಂಶದಲ್ಲಿ ಕಾಣುತ್ತಾರೆ. ಒಂದು ಹೆಸರು ಹಾರಿಸಿದ್ದರೆ ಇಷ್ಟೂ ಹೋಗುತ್ತಿತ್ತು.

ಸಮಯ ಆಗಿಬಿಟ್ಟಿತು, ಉಳಿದದ್ದು ಬೇಗ ಹೇಳುತ್ತೇನೆ. ಮತ್ತಾಯ ದಾವೀದನ ಮಗ ಸೊಲೊಮೋನನ ಕಡೆಯಿಂದ ಬರುತ್ತಾನೆ, ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ತಂದೆ ಇನ್ನೊಬ್ಬ ಯಾಕೋಬ ಎನ್ನುತ್ತಾನೆ. ಹೊಸ ಒಡಂಬಡಿಕೆಯ ಇನ್ನೊಬ್ಬ ಲೇಖಕ ಲೂಕ ದಾವೀದನ ಇನ್ನೊಬ್ಬ ಮಗ ನಾತಾನನ ಕಡೆ ಹಿಡಿಯುತ್ತಾನೆ, ಯೋಸೇಫನ ತಂದೆ ಹೇಲಿ ಎನ್ನುತ್ತಾನೆ. ಲೂಕನದು ಮರಿಯಳ ವಂಶ ಎಂದು ಹಲವು ಕ್ರೈಸ್ತರು ವಿವರಿಸುತ್ತಾರೆ. ಯೆಹೂದ್ಯರು ಒಪ್ಪುವುದಿಲ್ಲ. ಕುಲ ಬರುವುದು ತಂದೆಯಿಂದ ಎನ್ನುತ್ತಾರೆ. ಯೋಸೇಫ ಹೆತ್ತ ತಂದೆಯಲ್ಲ ಅಂತ ಕ್ರೈಸ್ತರಾದ ನೀವೇ ಅಂತೀರಿ, ಮತ್ತೆ ಅವನ ವಂಶ ಯೇಸುವಿಗೆ ಹೇಗೆ ಬಂತು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ತಳ್ಳಿಹಾಕಬೇಡಿ. ಯೋಸೇಫ ಆ ಮಗುವನ್ನು ತನ್ನದೆಂದು ಒಪ್ಪಿಕೊಂಡ ಎನ್ನುವುದು ಕ್ರೈಸ್ತರ ಉತ್ತರ. ಇವತ್ತು ಮತ್ತಾಯನ ಮೊದಲ ಅಧ್ಯಾಯ ತೆಗೆದು ಕೊನೆಯ ವಚನ ಓದಿ. ಮಗುವಿಗೆ ಯೇಸು ಎಂದು ಹೆಸರಿಟ್ಟವನು ಯೋಸೇಫನೇ.

ನಮಸ್ಕಾರ.